ಸ್ಯಾಕ್ಸೋಫೋನ್ ಹೊತ್ತು ಐದು ದಿನ: ಬಳ್ಳಾರಿ, ಕೊಪ್ಪಳ, ರಾಯಚೂರು

ಭಾನುವಾರ, ಬಳ್ಳಾರಿ

ಹಂಪಿ ಎಕ್ಸ್‌ಪ್ರೆಸ್ ಬಳ್ಳಾರಿ ತಲುಪಿದಾಗ ಇನ್ನೂ ನಸುಕು. ನನ್ನ ಹೆಗಲಿನ ಕಪ್ಪು ಪೆಟ್ಟಿಗೆಯನ್ನು ಆಟೋದವರು ಎರಡು ಸಲ ನೋಡಿ, "ಹೊಲಿಗೆ ಯಂತ್ರವೇ?" ಎಂದು ಕೇಳಿದರು. ಜೀನ್ಸ್ ಹೊಲಿಯುವ ಊರಿನಲ್ಲಿ ಅದು ಸಹಜವಾದ ಪ್ರಶ್ನೆ. ಸ್ಯಾಕ್ಸೋಫೋನ್ ಎಂದೆ. "ಓಹೋ, ಮಂಗಳೂರು ಕಡೆಯ ಓಲಗ" ಎಂದರು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದ ವಾದ್ಯ ಬಳ್ಳಾರಿ ನಿಲ್ದಾಣದ ಎದುರು ಮಂಗಳೂರಿನದಾಗಿಬಿಟ್ಟಿತ್ತು. ನಾನು ತಿದ್ದಲು ಹೋಗಲಿಲ್ಲ.

ನನ್ನದು ಬಂಟ್ವಾಳ ತಾಲ್ಲೂಕು. ಅಲ್ಲಿ ದೇವಸ್ಥಾನದ ಉತ್ಸವಕ್ಕೂ ಮದುವೆಯ ಧಾರೆಗೂ ಸ್ಯಾಕ್ಸೋಫೋನ್ ಬರುತ್ತದೆ. ಅದು ಹೊರಗಿನ ವಾದ್ಯವೆಂಬ ಅನುಮಾನವೇ ಚಿಕ್ಕಂದಿನಲ್ಲಿ ನನಗೆ ಬಂದಿರಲಿಲ್ಲ. ಅದಕ್ಕೆ ಕಾರಣರಾದ, ಈ ವಾದ್ಯದಲ್ಲಿ ಕರ್ನಾಟಕ ಸಂಗೀತ ನುಡಿಸಿದ ಕದ್ರಿ ಗೋಪಾಲನಾಥರೂ ಅದೇ ತಾಲ್ಲೂಕಿನವರು. ಜಾಝ್ ನನ್ನ ಕಿವಿಗೆ ಬಿದ್ದದ್ದು ತಡವಾಗಿ, ಬೆಂಗಳೂರು ಸೇರಿದ ಮೇಲೆ. ಈಗ ವಾರಾಂತ್ಯಗಳಲ್ಲಿ ನಾವು ನಾಲ್ವರು ಕೂಡಿ ನುಡಿಸುತ್ತೇವೆ: ಡ್ರಮ್ಸ್, ಬೇಸ್ ಗಿಟಾರ್, ಕೀಬೋರ್ಡ್, ನಾನು. ಬೇಸ್ ನುಡಿಸುವವನು ಬಳ್ಳಾರಿಯವನು. ಅವನ ತಂಗಿಯ ಮದುವೆಗೆಂದು ಈ ಪ್ರಯಾಣ. ಹೊರಡುವ ಮುನ್ನಾದಿನ ಅಭ್ಯಾಸ ಮುಗಿಸಿ ಡ್ರಮ್ಸ್‌ನವನು ಕಡ್ಡಿಗಳನ್ನು ಚೀಲಕ್ಕೆ ತುರುಕುತ್ತಾ, "ನೀನು ನಮ್ಮ ಜೊತೆ ನುಡಿಸುವುದಿಲ್ಲ, ನಮ್ಮ ಮೇಲೆ ನುಡಿಸುತ್ತೀಯ" ಎಂದಿದ್ದ. ರಾತ್ರಿಯಿಡೀ ಬರ್ತಿನಲ್ಲಿ ಹೊರಳುತ್ತಾ ಅದಕ್ಕೆ ತಕ್ಕ ಉತ್ತರ ಹುಡುಕಿದೆ. ಗುಂತಕಲ್ಲು ದಾಟಿದರೂ ಸಿಕ್ಕಿರಲಿಲ್ಲ.

ಮುಹೂರ್ತ ಹತ್ತೂವರೆಗೆ. ಕಲ್ಯಾಣ ಮಂಟಪದ ಮೂಲೆಯಲ್ಲಿ ಪೆಟ್ಟಿಗೆ ಬಿಚ್ಚಿದಾಗ ಮೊದಲ ಆಘಾತ. ಬಳ್ಳಾರಿಯ ಒಣ ಹವೆಗೆ ರೀಡ್‌ನ ಅಂಚು ಹಪ್ಪಳದಂತೆ ಅಲೆಯಲೆಯಾಗಿ ಎದ್ದಿತ್ತು. ಮೈಯೆಲ್ಲ ಹಿತ್ತಾಳೆಯಾದರೂ ಸ್ಯಾಕ್ಸೋಫೋನನ್ನು ಮರದ ವಾದ್ಯಗಳ ಕುಲಕ್ಕೆ ಸೇರಿಸುವುದು ಈ ಜೊಂಡಿನ ಪಟ್ಟಿಯಿಂದಾಗಿಯೇ. ಅದು ಮುನಿಸಿಕೊಂಡರೆ ಉಳಿದ ಹಿತ್ತಾಳೆ ಪಾತ್ರೆ ಅಂಗಡಿಗೆ ಸರಿ. ಮಜ್ಜಿಗೆಯ ಲೋಟ ತೊಳೆಸಿ, ನೀರು ತುಂಬಿಸಿ, ರೀಡ್ ನೆನೆಸಿಟ್ಟೆ. ಮಾಂಗಲ್ಯಧಾರಣೆಯ ಹೊತ್ತಿಗೆ ಅದು ಅರ್ಧ ಮನಸ್ಸಿನಿಂದ ಒಪ್ಪಿಕೊಂಡಿತು. ಕಲ್ಯಾಣಿ ರಾಗದ ನಾಲ್ಕು ಸಾಲು ನುಡಿಸಿದೆ. ತಾರಸ್ಥಾಯಿಯಲ್ಲಿ ಒಮ್ಮೆ ಕೀರಲು ದನಿ ಬಂದಾಗ ಮುಂದಿನ ಸಾಲಿನ ಮಗು ಕಿವಿ ಮುಚ್ಚಿಕೊಂಡಿತು. ನಿಜವಾದ ವಿಮರ್ಶಕ ಅವನೊಬ್ಬನೇ. ಉಳಿದವರೆಲ್ಲ ಚಪ್ಪಾಳೆ ತಟ್ಟಿದರು.

ಊಟದ ಪಂಕ್ತಿಯಲ್ಲಿ ಗೆಳೆಯನ ದೊಡ್ಡಮ್ಮ ಪಕ್ಕದಲ್ಲಿ ಕುಳಿತರು. ರಾಯಚೂರಿನವರು. "ನೋಡಪ್ಪಾ, ಗುರುವಾರ ನಮ್ಮ ಮನೆಯಲ್ಲಿ ಭಜನೆ ಇರುತ್ತದೆ. ಆ ತುತ್ತೂರಿ ತೆಗೆದುಕೊಂಡು ಬಾ" ಎಂದರು. ಆಹ್ವಾನಕ್ಕಿಂತ ಅದು ಅಪ್ಪಣೆಯ ಧಾಟಿಯಲ್ಲಿತ್ತು. ಸೋಮವಾರ ವಾಪಸಾಗಬೇಕಿದ್ದವನು ಟಿಕೆಟ್ ರದ್ದು ಮಾಡಿದೆ.

ಸಂಜೆಯ ಮೆರವಣಿಗೆಗೆ ಸ್ಥಳೀಯ ಬ್ಯಾಂಡ್ ಬಂತು. ಕೆಂಪು ಕೋಟು, ಬೆವರು, ಜನರೇಟರ್ ಸದ್ದು. ಅದರ ನಡುವೆ ಒಂದು ಕ್ಲಾರಿಯೋನೆಟ್. ನುಡಿಸುತ್ತಿದ್ದದ್ದು ಹಳೆಯ ಹಿಂದಿ ಚಿತ್ರಗೀತೆ. ಹಾಡಿನ ಸಾಲು ಮುಗಿದು ನಡುವಿನ ಸ್ಯಾಕ್ಸೋಫೋನ್ ತುಣುಕು ಬರಬೇಕಾದ ಜಾಗದಲ್ಲಿ ಆ ಮುದುಕರು ಕ್ಲಾರಿಯೋನೆಟ್‌ನಲ್ಲೇ ಮನೋಹರಿ ಸಿಂಗ್ ಅವರ ಉಸಿರನ್ನು ತಂದರು: ಸ್ವರದ ಕೆಳಗಿನಿಂದ ಜಾರಿ ಏರುವ ಅದೇ ಆಲಸ್ಯ, ಕೊನೆಯಲ್ಲಿ ಅದೇ ನಡುಕ. ಹಿಂದಿ ಚಿತ್ರಸಂಗೀತದಲ್ಲಿ ಸ್ಯಾಕ್ಸೋಫೋನ್ ಎಂದರೆ ಮನೋಹರಿ ಸಿಂಗ್. ಹೆಸರು ಗೊತ್ತಿಲ್ಲದವರ ಕಿವಿಯಲ್ಲೂ ಅವರ ದನಿ ಇರುತ್ತದೆ. ಮೆರವಣಿಗೆ ನಿಂತಾಗ ಹೋಗಿ ಕೈಮುಗಿದೆ. "ನಾಳೆ ಅಂಗಡಿಗೆ ಬನ್ನಿ ಸರ್, ಈಗ ಕುದುರೆ ಬೆದರುತ್ತಿದೆ" ಎಂದರು.

ಸೋಮವಾರ, ಬಳ್ಳಾರಿ

ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ. ಈ ಸೀಮೆಯ ಹೆಸರು ಕೇಳಿದರೆ ಇನ್ನು ಮುಂದೆ ನನಗೆ ಕೋಟೆಗಿಂತ ಮೊದಲು ಆ ಮಿರ್ಚಿಯೇ ನೆನಪಾಗುತ್ತದೆ. ಕೋಟೆಯನ್ನೂ ಹತ್ತಿದೆ ಎನ್ನಿ. ಒಂದೇ ಬಂಡೆಯಂತೆ ಕಾಣುವ ಗುಡ್ಡ, ಮೇಲೆ ಗಾಳಿ, ಕೆಳಗೆ ಊರು. ಅಷ್ಟೇ ಹೇಳಬಲ್ಲೆ, ಏಕೆಂದರೆ ಮನಸ್ಸು ಆಗಲೇ ಕೌಲ್ ಬಜಾರಿನಲ್ಲಿತ್ತು.

ಬ್ಯಾಂಡ್ ಅಂಗಡಿ ಎಂದರೆ ಹತ್ತು ಅಡಿ ಅಗಲದ ಕೋಣೆ. ಗೋಡೆಯ ತುಂಬ ಮೊಳೆಗೆ ನೇತುಹಾಕಿದ ಕೋಟುಗಳು, ನೆಗ್ಗಿದ ತುತ್ತೂರಿಗಳು. ಮಾಸ್ತರರು ನೆಲದ ಮೇಲೆ ಕುಳಿತು ಕ್ಲಾರಿಯೋನೆಟ್‌ನ ಕೀಲಿಗೆ ಎಣ್ಣೆ ಹಾಕುತ್ತಿದ್ದರು. ಅವರ ಅಪ್ಪ ನಾಗಸ್ವರದವರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಗಿರಾಕಿಗಳೊಡನೆ ಉರ್ದು. 1953ರ ಅಕ್ಟೋಬರ್‌ವರೆಗೆ ಬಳ್ಳಾರಿ ಮದ್ರಾಸಿನ ಭಾಗವಾಗಿತ್ತಲ್ಲವೇ. ಅಪ್ಪನ ಕಾಲದಲ್ಲಿ ಸಂಗೀತವೂ ಆ ದಿಕ್ಕಿನಿಂದಲೇ ಬರುತ್ತಿತ್ತಂತೆ. ರೇಡಿಯೋದಲ್ಲಿ ತಿರುಚ್ಚಿಯ ಎ.ಕೆ.ಸಿ. ನಟರಾಜನ್ ಅವರ ಕ್ಲಾರಿಯೋನೆಟ್ ಕೇಳಿ, ಕೀಲಿಗಳಿರುವ ವಾದ್ಯದಲ್ಲೂ ಸ್ವರವನ್ನು ಬಳುಕಿಸುವ ಗಮಕ ಬರುತ್ತದೆ ಎಂಬ ಧೈರ್ಯ ಇವರಿಗೆ ಹುಟ್ಟಿತು. ಉಳಿದದ್ದನ್ನು ಚಿತ್ರಗೀತೆ ಕಲಿಸಿತು. "ಗುರುಗಳು ಯಾರು ಎಂದು ಕೇಳಿದರೆ ಏನು ಹೇಳಲಿ? ಒಬ್ಬರು ಮನೆಯಲ್ಲಿದ್ದರು, ಉಳಿದವರು ರೇಡಿಯೋದಲ್ಲಿದ್ದರು" ಎಂದು ನಕ್ಕರು.

ಕದ್ರಿಯವರ ಕಥೆಯನ್ನು ನಾನು ಹೇಳಿದೆ. ಅವರ ತಂದೆಯೂ ನಾಗಸ್ವರದವರೇ. ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದ. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್, ಮುಂದೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಬಳಿ ಕಲಿತ. ವಾದ್ಯ ಗಮಕಕ್ಕೆ ಬಗ್ಗದಿದ್ದಾಗ ವಾದ್ಯದಲ್ಲೇ ಮಾರ್ಪಾಡು ಮಾಡಿಕೊಂಡ. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಇವರನ್ನು ಕೇಳಿ, ಜೊತೆಗೆ ನುಡಿಸಬೇಕೆಂದು ಬಯಸಿ ವೇದಿಕೆ ಹಂಚಿಕೊಂಡರು. ಹ್ಯಾಂಡಿಗೆ ನಮ್ಮ ಸಂಗೀತ ಹೊಸದಾಗಿರಲಿಲ್ಲ. ಸರೋದಿನ ಅಲಿ ಅಕ್ಬರ್ ಖಾನ್ ಮತ್ತು ತಬಲಾದ ಝಾಕಿರ್ ಹುಸೇನ್ ಅವರೊಂದಿಗೆ 1975ರಲ್ಲೇ ಧ್ವನಿಮುದ್ರಿಕೆ ಮಾಡಿದ್ದರು.

ಮಾಸ್ತರರು ಎಣ್ಣೆಯ ಬಾಟಲಿ ಪಕ್ಕಕ್ಕಿಟ್ಟರು. "ಅದೆಲ್ಲ ಸರಿ. ಯಾರು ಯಾರ ಮನೆಗೆ ಹೋದರು?"

ಅರ್ಥವಾಗಲಿಲ್ಲ ಎಂದೆ. "ಜೊತೆಗೆ ನುಡಿಸುವುದು ಎರಡು ಬಗೆ ಸರ್. ಪೇಟೆಯಲ್ಲಿ ಸಿಕ್ಕಾಗ ಕೈಕುಲುಕುವುದು ಒಂದು. ಮನೆಗೆ ಹೋಗಿ ಅವರು ಬಡಿಸಿದ್ದನ್ನು ಉಣ್ಣುವುದು ಇನ್ನೊಂದು."

ಅಲ್ಲಿಂದ ಮಾತು ದಾರಿ ಹಿಡಿಯಿತು. ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಬಗ್ಗೆ ಹೇಳಿದೆ: 1961ರಲ್ಲಿ 'ಇಂಡಿಯಾ' ಎಂಬ ಹೆಸರಿನ ರಚನೆಯನ್ನೇ ನುಡಿಸಿದವರು, ರವಿಶಂಕರ್ ಮೇಲಿನ ಅಭಿಮಾನದಿಂದ ಮಗನಿಗೆ ರವಿ ಎಂದು ಹೆಸರಿಟ್ಟವರು. ಆದರೆ ಅವರಿಬ್ಬರ ನಡುವೆ ನಡೆದದ್ದು ಕೆಲವೇ ಭೇಟಿ. 1967ರಲ್ಲಿ ಕೋಲ್ಟ್ರೇನ್ ತೀರಿಕೊಂಡರು. "ಪಾಪ, ಬಾಗಿಲವರೆಗೆ ಬಂದಿದ್ದರು" ಎಂದರು ಮಾಸ್ತರರು.

ಹಾಗಾದರೆ ಮನೆಯೊಳಗೆ ಬಂದವರು ಯಾರು? ನನ್ನ ಮಟ್ಟಿಗೆ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ. ಬಾಸ್ಟನ್ನಿನಲ್ಲಿ 1923ರಲ್ಲಿ ಹುಟ್ಟಿದವರು. ಎಳವೆಯಲ್ಲಿ ಜಾನಿ ಹಾಡ್ಜಸ್ ಅವರ ಮೃದು ದನಿಗೆ ಸೋತವರು, ಆಮೇಲೆ ಚಾರ್ಲಿ ಪಾರ್ಕರ್ ಎಂಬ ಬಿರುಗಾಳಿಗೆ ಸಿಕ್ಕವರು. ಅವರ ಪೀಳಿಗೆಯ ಆಲ್ಟೊ ಸ್ಯಾಕ್ಸೋಫೋನ್ ವಾದಕರೆಲ್ಲ ಆ ಗಾಳಿಗೆ ಸಿಕ್ಕವರೇ. ಸ್ಟ್ಯಾನ್ ಕೆಂಟನ್ ಅವರ ದೊಡ್ಡ ವಾದ್ಯವೃಂದ, ಜಪಾನಿನ ಪಿಯಾನೊ ವಾದಕಿ ತೋಶಿಕೊ ಅಕಿಯೋಶಿಯವರೊಂದಿಗೆ ಮದುವೆ ಮತ್ತು ತಂಡ, 1963ರಲ್ಲಿ ಚಾರ್ಲ್ಸ್ ಮಿಂಗಸ್ ಅವರ ಹೆಸರಾಂತ ಧ್ವನಿಮುದ್ರಿಕೆ. ಇಷ್ಟೆಲ್ಲ ಆದ ಮೇಲೆ, ಐವತ್ತರ ಹೊಸ್ತಿಲಿನಲ್ಲಿ, ಆ ಮನುಷ್ಯ ದಕ್ಷಿಣ ಭಾರತಕ್ಕೆ ಬಂದು ನಾಗಸ್ವರ ಹಿಡಿದು ಪಾಠಕ್ಕೆ ಕುಳಿತರು. ಮುಂದೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ದಂಪತಿಯ ಜೊತೆಗೂಡಿದರು. 1983ರಲ್ಲಿ ಬಂದ 'ಜ್ಯೋತಿ' ಧ್ವನಿಮುದ್ರಿಕೆ ಆ ಸ್ನೇಹದ ಫಲ.

ಮೊಬೈಲಿನಲ್ಲಿ ಅದನ್ನು ಕೇಳಿಸಿದೆ. ರಮಾಮಣಿಯವರ ದನಿ, ಮೃದಂಗ. ಸ್ಯಾಕ್ಸೋಫೋನ್ ಬರುವವರೆಗೂ ಮಾಸ್ತರರು ಕಣ್ಣು ಮುಚ್ಚಿಕೊಂಡಿದ್ದರು. ಬಂದ ಮೇಲೆ ಕಣ್ಣು ತೆರೆದರು. "ಇವರು ಉಂಡವರು" ಎಂದರು. ಆಮೇಲೆ ಎದ್ದು, ಕೊಪ್ಪಳದ ಕಡೆಯ ಒಬ್ಬ ಸನಾದಿ ವಾದಕರಿಗೆ ಫೋನ್ ಹಚ್ಚಿ, "ಒಬ್ಬರನ್ನು ಕಳಿಸುತ್ತಿದ್ದೇನೆ, ಊಟಕ್ಕಿಡಿ" ಎಂದರು.

ಮಂಗಳವಾರ, ಕೊಪ್ಪಳ

ಬಳ್ಳಾರಿಯಿಂದ ರೈಲು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕೆಂಪು ಧೂಳು ಕುಳಿತ ಗಿಡಗಳು, ಹೊಸಪೇಟೆ, ಆಮೇಲೆ ಬಂಡೆಗಳ ರಾಜ್ಯ. ಕೊಪ್ಪಳದಲ್ಲಿಳಿದು ಗವಿಮಠಕ್ಕೆ ಹೋದೆ. ಜಾತ್ರೆ ಮುಗಿದು ತಿಂಗಳಾಗಿತ್ತು. ಬಯಲು ಬಿಕೋ ಎನ್ನುತ್ತಿತ್ತು. ಮೇಲಿನ ಬಂಡೆಯಲ್ಲಿ ಅಶೋಕನ ಶಾಸನ. ಇದೇ ಊರಿನ ಪಾಲ್ಕಿಗುಂಡಿನಲ್ಲಿ ಇನ್ನೊಂದಿದೆ. ಅಕ್ಷರ ಓದಲು ಬಾರದವನು ಶಾಸನದ ಮುಂದೆ ನಿಂತು ಮಾಡುವುದನ್ನೇ ನಾನೂ ಮಾಡಿದೆ: ಫೋಟೋ ತೆಗೆದುಕೊಂಡೆ.

ಸನಾದಿ ಅಜ್ಜನ ಊರು ಕುಕನೂರು ರಸ್ತೆಯಲ್ಲಿ, ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಅವರದು ಕರಡಿ ಮಜಲಿನ ಮೇಳ. ಕರಾವಳಿಯ ನನಗೆ ಹೆಸರು ಕೇಳಿ ಕಾಡುಪ್ರಾಣಿಯೇ ಕಣ್ಣಿಗೆ ಬಂದಿತ್ತು. ಇಲ್ಲಿ ಕರಡಿ ಎಂದರೆ ಸೊಂಟಕ್ಕೆ ಕಟ್ಟಿ ನುಡಿಸುವ ಚರ್ಮವಾದ್ಯ. ಒಂದು ಕಡೆ ಕೋಲು, ಇನ್ನೊಂದು ಕಡೆ ಕೈ. ಅದರ ಜೊತೆಗೆ ಸನಾದಿ, ಶ್ರುತಿ ಹಿಡಿಯುವ ಇನ್ನೊಂದು ಊದುವಾದ್ಯ, ತಾಳ. ಜಾತ್ರೆ, ಮದುವೆ, ಪಲ್ಲಕ್ಕಿ, ಎಲ್ಲಕ್ಕೂ ಇದೇ.

ಮೊದಲು ಊಟ. ಅದರಲ್ಲಿ ರಾಜಿಯಿಲ್ಲ. ಜೋಳದ ರೊಟ್ಟಿ, ಪುಂಡಿ ಪಲ್ಯ, ಗುರೆಳ್ಳು ಪುಡಿ, ಮೊಸರು. ಮೂರನೆಯ ರೊಟ್ಟಿ ಬೇಡವೆಂದದ್ದಕ್ಕೆ ಅಜ್ಜಿ ಬೇಸರಪಟ್ಟುಕೊಂಡರು. ಬಿಸಿಲು ಇಳಿದ ಮೇಲೆ ಬೇವಿನ ಮರದ ಕೆಳಗೆ ಆರು ಜನ ಸೇರಿದರು. ನಾನು ಸ್ಯಾಕ್ಸೋಫೋನ್ ಜೋಡಿಸಿ, ಅಜ್ಜನ ಸನಾದಿಗೆ ಶ್ರುತಿ ಕೂಡಿಸಲು ಹೊರಟೆ. ಕೂಡಲಿಲ್ಲ. ಅವರ ಷಡ್ಜ, ಅಂದರೆ 'ಸ', ನನ್ನ ಎರಡು ಕೀಲಿಗಳ ನಡುವಿನ ಸಂದಿಯಲ್ಲಿತ್ತು. ಮೌತ್‌ಪೀಸನ್ನು ಹೊರಗೆಳೆದರೆ ಸ್ವರ ಇಳಿಯುತ್ತದೆ, ಆದರೆ ಬೇಕಾದಷ್ಟು ಎಳೆದರೆ ಮೇಲಿನ ಸ್ಥಾಯಿ ಕೆಡುತ್ತದೆ. ಬಿಸಿಗಾಳಿಗೆ ಊದುವಾದ್ಯಗಳ ಶ್ರುತಿ ಏರುತ್ತದೆ ಬೇರೆ. ನನ್ನದು ಒಂದಿಷ್ಟು ಏರಿತ್ತು, ಅವರದು ಇನ್ನೊಂದಿಷ್ಟು. ಕೊನೆಗೆ ತುಟಿಯನ್ನು ಸಡಿಲಿಸಿ ಹೇಗೋ ಹೊಂದಿಸಿಕೊಂಡೆ.

ಕರಡಿ ಶುರುವಾಯಿತು. ನಿಧಾನ, ಗಜಗಮನ. ನಾಲ್ಕರ ಎಣಿಕೆ ಎಂದುಕೊಂಡು ನುಗ್ಗಿದೆ. ಎರಡು ಸುತ್ತಿಗೆ ನನ್ನ ಸಾಲು ಮುಗಿಯುವ ಜಾಗವೂ ಅವರ ಪೆಟ್ಟು ಬೀಳುವ ಜಾಗವೂ ಬೇರೆಬೇರೆಯಾದವು. ಗಾಬರಿಯಲ್ಲಿ ಮನುಷ್ಯ ಏನು ಮಾಡುತ್ತಾನೋ ಅದನ್ನೇ ಮಾಡಿದೆ: ಇನ್ನಷ್ಟು ಸ್ವರ, ಇನ್ನಷ್ಟು ವೇಗ. ಬೆಂಗಳೂರಿನಲ್ಲಾದರೆ ಅದಕ್ಕೆ ಚಪ್ಪಾಳೆ ಸಿಗುತ್ತಿತ್ತು. ಇಲ್ಲಿ ಕರಡಿಯವರು ಕೋಲು ಎತ್ತಿ ನಿಲ್ಲಿಸಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಸುಲಭವಾಗುತ್ತಿತ್ತು.

ಅಜ್ಜ ಎದ್ದು ಬಂದರು. ಸ್ಯಾಕ್ಸೋಫೋನನ್ನು ನನ್ನ ಕೊರಳಿನಿಂದ ಬಿಡಿಸಿ, ಮಗುವನ್ನು ಮಲಗಿಸಿದಂತೆ ಕಂಬಳಿಯ ಮೇಲಿಟ್ಟರು. ತಾಳದ ಜೋಡಿಯನ್ನು ನನ್ನ ಕೈಗಿಟ್ಟು, "ತಮ್ಮಾ, ಊದುವುದು ನಿನಗೆ ಬರುತ್ತದೆ. ಇದನ್ನು ಹಿಡಿ" ಎಂದರು.

ಆಗ ನನಗೆ ನೆನಪಾದದ್ದು ಕನ್ಸಾಸ್ ಸಿಟಿಯ ಕಥೆ. ಜಾಝ್ ನುಡಿಸುವವರಿಗೆಲ್ಲ ಅದು ಗೊತ್ತು. ಹದಿಹರೆಯದ ಚಾರ್ಲಿ ಪಾರ್ಕರ್ ದೊಡ್ಡವರ ಕೂಟದಲ್ಲಿ ಆಲ್ಟೊ ಹಿಡಿದು ನಿಂತು ದಾರಿ ತಪ್ಪಿದಾಗ ಡ್ರಮ್ಸ್ ನುಡಿಸುತ್ತಿದ್ದ ಜೋ ಜೋನ್ಸ್ ತನ್ನ ಸಿಂಬಲನ್ನು ಬಿಚ್ಚಿ ಹುಡುಗನ ಕಾಲ ಬಳಿಗೆ ಎಸೆದರಂತೆ. ಝಣ್ಣೆಂದು ಬಿದ್ದ ಆ ಕಂಚಿನ ತಟ್ಟೆ ಪಾರ್ಕರನ ಬದುಕನ್ನೇ ತಿರುಗಿಸಿತು. ಅವಮಾನ ನುಂಗಿಕೊಂಡು ಒಂದು ಬೇಸಿಗೆ ದೂರದ ಊರಿನಲ್ಲಿದ್ದು, ಸ್ಯಾಕ್ಸೋಫೋನ್ ವಾದಕ ಲೆಸ್ಟರ್ ಯಂಗ್ ಅವರ ಧ್ವನಿಮುದ್ರಿಕೆಗಳನ್ನು ಸ್ವರ ಬಿಡದೆ ಕಲಿತು ಬಂದ. ಕನ್ಸಾಸ್ ಸಿಟಿಯಲ್ಲಿ ಕಾಲಿಗೆ ಎಸೆದದ್ದನ್ನು ಕೊಪ್ಪಳದಲ್ಲಿ ಕೈಗೆ ಕೊಡುತ್ತಾರೆ. ಜೊತೆಗೆ ಚಹಾ ಕೂಡ.

ಒಂದೂವರೆ ಗಂಟೆ ತಾಳ ಹಾಕಿದೆ. ನುಡಿಕೆ ನಿಧಾನವಾಗಿ ಹೊರಟು ಸುತ್ತು ಸುತ್ತಿಗೂ ಬಿಗಿಯಾಗುತ್ತಾ, ಕೊನೆಗೆ ಎದೆಯೊಳಗೇ ಬಾರಿಸಿದಂತೆ ಆಗುತ್ತದೆ. ಮೊದಲ ಅರ್ಧ ಗಂಟೆ ಎಣಿಸಿದೆ, ಸೋತೆ. ಆಮೇಲೆ ಕರಡಿಯವರ ಭುಜ ನೋಡಿದೆ. ದೊಡ್ಡ ಪೆಟ್ಟಿಗೆ ಮುಂಚೆ ಅದು ಕೂದಲೆಳೆಯಷ್ಟು ಏಳುತ್ತದೆ. ಅಜ್ಜನ ಸನಾದಿ ಅಷ್ಟರಲ್ಲಿ ಉಸಿರು ಬಿಟ್ಟು ಖಾಲಿಯಾಗಿರುತ್ತದೆ. ಪೆಟ್ಟು ಬೀಳಲು ಜಾಗ ಬಿಟ್ಟು, ಬಿದ್ದ ಮೇಲೆ ಮತ್ತೆ ಹೊರಡುತ್ತದೆ. ಒಂದೂವರೆ ಗಂಟೆಯಲ್ಲಿ ಒಂದು ಸಲವೂ ಅವರು ಆ ಪೆಟ್ಟಿನ ಮೇಲೆ ಊದಲಿಲ್ಲ. ಡ್ರಮ್ಸ್‌ನವನ ಮಾತಿಗೆ ಉತ್ತರ ಹುಡುಕುವುದನ್ನು ಬೇವಿನ ಮರದ ಕೆಳಗೆ ಬಿಟ್ಟುಬಿಟ್ಟೆ.

ಹೊರಡುವಾಗ, ನನ್ನ ತಾಳ ಹೇಗಿತ್ತು ಎಂದು ಕೇಳಿದೆ. "ಎಳೆಯುತ್ತೀ" ಎಂದರು ಅಜ್ಜ.

ಬುಧವಾರ, ಬಸ್ಸಿನಲ್ಲಿ

ಕೊಪ್ಪಳದಿಂದ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ರಾಯಚೂರು. ಒಣ ಬಂಡೆಗಳ ನಡುವಿನಿಂದ ಬಸ್ಸು ಇದ್ದಕ್ಕಿದ್ದಂತೆ ಹಸಿರಿಗೆ ಇಳಿಯುತ್ತದೆ. ತುಂಗಭದ್ರೆಯ ಕಾಲುವೆಯ ಕರಾಮತ್ತು. ಭತ್ತದ ಗದ್ದೆ ಕಂಡು ಊರು ನೆನಪಾಯಿತು.

ಕಿವಿಗೆ ಇಯರ್‌ಫೋನ್ ಹಾಕಿಕೊಂಡು ರುದ್ರೇಶ್ ಮಹಂತಪ್ಪ ಅವರ 'ಕಿನ್ಸ್‌ಮೆನ್' ಕೇಳಿದೆ. ಹೆಸರು ಕೇಳಿದರೆ ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಸಿಗುವ ಹುಡುಗ ಎನ್ನಿಸುತ್ತದೆ; ಹುಟ್ಟಿದ್ದು ಇಟಲಿಯಲ್ಲಿ, ಬೆಳೆದದ್ದು ಅಮೆರಿಕದ ಕೊಲರಾಡೊದಲ್ಲಿ. ಗ್ರೋವರ್ ವಾಷಿಂಗ್ಟನ್, ಡೇವಿಡ್ ಸ್ಯಾನ್‌ಬೋರ್ನ್ ಕೇಳಿ ಆಲ್ಟೊ ಹಿಡಿದು, ಪಾರ್ಕರನನ್ನು ಆರಾಧಿಸಿದವರು. ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಓದುತ್ತಿದ್ದಾಗ ಅಣ್ಣ ತಮಾಷೆಗೆಂದು ಒಂದು ಸಿಡಿ ಕೊಟ್ಟ. ಅದು ಕದ್ರಿ ಗೋಪಾಲನಾಥರದು. ತಮಾಷೆ ಅಲ್ಲಿಗೇ ಮುಗಿಯಿತು. ವರ್ಷಗಳ ಮೇಲೆ ರುದ್ರೇಶ್ ಕದ್ರಿಯವರನ್ನೇ ಹುಡುಕಿಕೊಂಡು ಬಂದು ಜೊತೆಗೂಡಿ ಮಾಡಿದ್ದು 2008ರ ಈ ಧ್ವನಿಮುದ್ರಿಕೆ. ಇಬ್ಬರು ಆಲ್ಟೊ ವಾದಕರ ಜೊತೆ ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ರೆಝ್ ಅಬ್ಬಾಸಿಯವರ ಗಿಟಾರ್.

ಇದನ್ನು ಎಷ್ಟೋ ಸಲ ಕೇಳಿದ್ದೆ, ಪ್ರತಿ ಸಲವೂ ವೇಗಕ್ಕೆ ಬೆರಗಾಗಿ. ಈ ಸಲ ಅವರಿಬ್ಬರೂ ಸುಮ್ಮನಿರುವ ಜಾಗಗಳನ್ನು ಕೇಳಿದೆ. ಮಾನ್ವಿ ಬರುವವರೆಗೆ ಮೂರು ಸಲ. ಇದು ಹರಿದಾಸ ಜಗನ್ನಾಥದಾಸರ ಊರು. ವಿಜಯದಾಸರ ಚೀಕಲಪರ್ವಿಯೂ ಹತ್ತಿರದಲ್ಲೇ ಇದೆ. ಇಳಿಯಬೇಕೆನಿಸಿತು. ಬಸ್ಸು ಐದು ನಿಮಿಷ ನಿಂತು ಹೊರಟಿತು.

ಗುರುವಾರ, ರಾಯಚೂರು

ಬೆಳಿಗ್ಗೆ ಕೋಟೆ. ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲು, ಅದರ ಮೇಲೆ 1294ರ ಶಾಸನ. ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ಸಾಲುಗಟ್ಟಿದ ಕೋಣಗಳಿಂದ ಎಳೆಸಿದ ಚಿತ್ರವನ್ನೂ ಅಲ್ಲೇ ಗೀರಿದ್ದಾರೆ. ಯಾವ ಕೋಣ ಮುಂದೆ ನುಗ್ಗಿ ಬೈಗುಳ ತಿಂದಿತೋ ಎಂದು ಯೋಚಿಸಿದೆ. ಮಂಗಳವಾರದ ಗಾಯ ಇನ್ನೂ ಮಾಗಿರಲಿಲ್ಲ ಎಂದು ಕಾಣುತ್ತದೆ. ಊರೊಳಗೆ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರವಿದೆ. ವಚನಗಳನ್ನು ಹಿಂದುಸ್ತಾನಿ ರಾಗಗಳಲ್ಲಿ ಹಾಡಿದ ಆ ಗಾಯಕರು ಈ ಜಿಲ್ಲೆಯವರೇ. ನಿಜಾಮರ ಆಳ್ವಿಕೆಯಲ್ಲಿದ್ದ ಸೀಮೆಯಿದು. ಮದ್ರಾಸಿನತ್ತ ಕಿವಿಯಿಟ್ಟಿದ್ದ ಬಳ್ಳಾರಿಯಿಂದ ಒಂದು ದಿನದ ದಾರಿಯಲ್ಲಿ ಸಂಗೀತದ ಮುಖವೇ ಉತ್ತರಕ್ಕೆ ತಿರುಗಿರುತ್ತದೆ.

ಸಂಜೆ ದೊಡ್ಡಮ್ಮನ ಮನೆಯ ನಡುಮನೆಯಲ್ಲಿ ಹದಿನೈದು ಜನ. ಮಂತ್ರಾಲಯದ ರಾಯರ ಪಟ, ಮಲ್ಲಿಗೆ, ಹಾರ್ಮೋನಿಯಂ ಪೇಟಿ, ತಬಲಾ. ಪೇಟಿಯವರು ನಿವೃತ್ತ ಶಿಕ್ಷಕರು, ಹಾಡುವವರೂ ಅವರೇ. ಯಾವ ಶ್ರುತಿ ಎಂದು ಕೇಳಿದೆ. "ಕರಿ ಎರಡು" ಎಂದರು, ಅಂದರೆ ಪೇಟಿಯ ಎರಡನೆಯ ಕಪ್ಪು ಕೀಲಿ. ಆಲ್ಟೊ ವಾದಕನಿಗೆ ಇದಕ್ಕಿಂತ ಸಿಹಿ ಸುದ್ದಿ ಇಲ್ಲ: ನಮ್ಮ ವಾದ್ಯದ ಹುಟ್ಟು ಶ್ರುತಿಯೇ ಅದು. ಮೂರು ದಿನಗಳ ಹಿಂದಿನ ನಾನಾಗಿದ್ದರೆ ಆ ಖುಷಿಗೇ ಮೊದಲ ಹಾಡನ್ನು ಹಾಳುಗೆಡವುತ್ತಿದ್ದೆ.

"ಊದಪ್ಪಾ" ಎಂದರು ದೊಡ್ಡಮ್ಮ. "ಮೊದಲು ತಾಳ ಕೊಡಿ ದೊಡ್ಡಮ್ಮ" ಎಂದೆ. ವಿಚಿತ್ರವಾಗಿ ನೋಡಿ, ತಮ್ಮ ಕೈಯದನ್ನೇ ಕೊಟ್ಟರು.

ಗೋಪಾಲದಾಸರ ಪದ ಮುಗಿಯುವವರೆಗೆ ತಾಳ ಹಿಡಿದೆ. ಎರಡನೆಯ ಹಾಡಿಗೆ ಸ್ಯಾಕ್ಸೋಫೋನ್ ಎತ್ತಿಕೊಂಡು, ಮಂದ್ರದಲ್ಲಿ ಷಡ್ಜ ಒಂದನ್ನೇ, ಪೇಟಿಯ ನೆರಳಿನಲ್ಲಿ ಅಡಗುವಷ್ಟು ಮೆಲ್ಲಗೆ ಹಿಡಿದೆ. ಎರಡು ಚರಣ ಹಾಗೇ ಕಳೆದವು. ಮೂರನೆಯ ಚರಣ ಮುಗಿದಾಗ ಶಿಕ್ಷಕರು ಪೇಟಿಯ ಮೇಲಿನಿಂದ ಬಲಗೈ ಎತ್ತಿ ನನ್ನತ್ತ ನೋಡಿದರು. ಒಂದು ಆವರ್ತನ ಬಿಟ್ಟೆ. ಹೆಂಗಸರ ತಾಳ ಮಾತ್ರ ಕೇಳುತ್ತಿತ್ತು. ಆಮೇಲೆ ಅವರು ಹಾಡಿದ ಕೊನೆಯ ಸಾಲಿನ ಬಾಲವನ್ನು, ಐದಾರು ಸ್ವರ, ಅವರು ಬಿಟ್ಟಲ್ಲಿಂದ ಎತ್ತಿ ಅವರಿಗೇ ಮರಳಿಸಿದೆ. ಅವರು ತಲೆ ಅಲ್ಲಾಡಿಸಿ, ಅದನ್ನೇ ಸ್ವಲ್ಪ ತಿರುಚಿ ನನಗೆ ಕೊಟ್ಟರು. ಹೀಗೆ ಕೊಟ್ಟು ತೆಗೆದುಕೊಳ್ಳುವುದು ಎಷ್ಟು ಹೊತ್ತು ನಡೆಯಿತೋ, ಮಂಗಳಾರತಿ ತಡವಾಯಿತೆಂದು ದೊಡ್ಡಮ್ಮ ಗಂಟೆ ಬಾರಿಸಿದರು.

ಯಾರೋ ಹುಡುಗ ಮೊಬೈಲಿನಲ್ಲಿ ಎರಡೂ ಹಾಡುಗಳನ್ನು ಹಿಡಿದಿದ್ದ. ರಾತ್ರಿ ಅವನ್ನು ನಮ್ಮ ತಂಡದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ, ಒಂದು ಮಾತನ್ನೂ ಬರೆಯದೆ ರೈಲು ಹತ್ತಿದೆ. ತುಂಗಭದ್ರೆಯ ಸೇತುವೆಯ ಮೇಲೆ ಹೋಗುತ್ತಿದ್ದಾಗ ಡ್ರಮ್ಸ್‌ನವನ ಉತ್ತರ ಬಂತು.

"ಎರಡನೆಯದು ಚೆನ್ನಾಗಿದೆ. ಮೊದಲನೆಯದರಲ್ಲಿ ತಾಳ ಹಿಡಿದವರು ಯಾರು? ಎಳೆಯುತ್ತಿದ್ದಾರೆ."